ಚಿನ್ನದ ಗಣಿಯೂರಿನಲ್ಲಿ ಸುದ್ದಿಯ ಒಡೆತನ

ಬೆಂಗಳೂರಿನಿಂದ ಪೂರ್ವಾಭಿಮುಖವಾಗಿ ಹೊರಟ ರೈಲು ಮಾಲೂರನ್ನು ಹಿಂದಿಕ್ಕಿ, ಟೇಕಲ್ಲಿನ ಹೆಬ್ಬಂಡೆಗಳ ನಡುವೆ ಹಾದು, ಸುಮಾರು 70 ಕಿಲೋಮೀಟರುಗಳ ಪ್ರಯಾಣದ ತರುವಾಯ ಬಂಗಾರಪೇಟೆಯನ್ನು ಮುಟ್ಟುತ್ತದೆ. ಇಂದಿನ ಬೆಂಗಳೂರಿನ ಮಕ್ಕಳಿಗೆ ಈ ಊರಿನ ಹೆಸರು ಪಾನಿಪೂರಿಯ ಮೂಲಕ ಪರಿಚಿತವಾದುದು. ಕಣ್ಣಿಗೆ ಬರಿಯ ನೀರಿನಂತೆ ತಿಳಿಯಾಗಿದ್ದು ನಾಲಗೆಗೆ ಮಾತ್ರ ಬೆಂಕಿಯಂತೆ ತಾಗುವ ಅದರ ರಸವನ್ನು ಒಮ್ಮೆ ಸವಿದವರು ಮರೆಯುವುದಿಲ್ಲ. ಆ ಮಕ್ಕಳ ಮುತ್ತಜ್ಜಂದಿರಿಗಾದರೋ ಇದು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗ್ ಸಾಹೇಬರ ಹೆಸರು ಊರಿಗೆ ಬಂದು, ಹೋಯಿತು. ಬಂಗಾರದ ಹೆಸರು ಉಳಿಯಿತು. ಬಂಗಾರ ಮಾತ್ರ ಉಳಿಯಲಿಲ್ಲ.

ಇಲ್ಲಿಂದ ಕವಲೊಡೆಯುವ 16 ಕಿಲೋಮೀಟರುಗಳ ಕಿರುದಾರಿಯೊಂದುಂಟು. 1894ರಲ್ಲಿ ಗಣಿಗಳಿಗಾಗಿಯೇ ಹಾಕಿದ ಹಳಿ ಇದು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಮೊದಲಾದ ನಿಲ್ದಾಣಗಳನ್ನು ಕಂಡು ಮಾರಿಕುಪ್ಪದಲ್ಲಿ ಕೊನೆಗೊಳ್ಳುತ್ತದೆ. ಒಂದು ಕಾಲದಲ್ಲಿ ಈ ಹಳಿಯ ಮೇಲೆ ಯಂತ್ರಗಳೂ ಮರದ ದಿಮ್ಮಿಗಳೂ ಬಂದುವು, ಚಿನ್ನದ ಗಟ್ಟಿಗಳು ಹೊರಟುವು. ಇಂದು ಬೆಳಗಿನ ಜಾವದಲ್ಲಿ ಹೊರಡುವುದು ಮನುಷ್ಯರ ದುಡಿಮೆ. ಸಹಸ್ರಾರು ಮಂದಿ ಡಬ್ಬಿಯಲ್ಲಿ ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಹಿಂದಿರುಗುತ್ತಾರೆ.

ಕಿಟಕಿಯಾಚೆ ಬೂದುಬಣ್ಣದ ಉದ್ದನೆಯ ದಿಬ್ಬಗಳು ಕಾಣತೊಡಗಿದರೆ ಚಿನ್ನದ ಗಣಿ ಬಂದಿತೆಂದೇ ಅರ್ಥ. ಕಲ್ಲನ್ನು ಕುಟ್ಟಿ, ಹಿಟ್ಟುಮಾಡಿ, ಸೈನೈಡಿನ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿ ಅದು. ಬೇಸಗೆಯ ಗಾಳಿ ಎದ್ದಾಗ ಆ ಪುಡಿ ಮನೆಗಳ ಒಳಹೊಕ್ಕು ಅನ್ನದ ತಟ್ಟೆಯ ಮೇಲೂ ಕೂರುತ್ತದೆ.

1802ರಲ್ಲಿ ಜಾನ್ ವಾರನ್ ಎಂಬ ಸೇನಾಧಿಕಾರಿ ಈ ಸೀಮೆಯ ಮಣ್ಣಿನಲ್ಲಿ ಚಿನ್ನವಿರುವುದನ್ನು ವರದಿಮಾಡಿದ. 1870ರ ದಶಕದಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕ ಗಣಿಗಾರಿಕೆಯ ಪರವಾನಗಿ ಪಡೆದ. 1880ರಿಂದಾಚೆ ಲಂಡನ್ನಿನ ಜಾನ್ ಟೇಲರ್ ಕಂಪನಿಯ ಕಾಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಇಲ್ಲಿಗೆ ಹರಿದು ಬಂದಿತು. ಚಾಂಪಿಯನ್ ರೀಫ್ ಗಣಿ ಭೂಮಿಯೊಳಕ್ಕೆ ಮೂರು ಕಿಲೋಮೀಟರುಗಳಿಗೂ ಹೆಚ್ಚು ಆಳ ಇಳಿಯಿತು. ಇವೆಲ್ಲ ಶಾಲೆಯ ಪುಸ್ತಕಗಳಲ್ಲಿ ದೊರೆಯುವ ಸಂಗತಿಗಳು. ಪುಸ್ತಕಗಳು ಅಷ್ಟಾಗಿ ಹೇಳದ ಇನ್ನೊಂದು ಕಥೆ ಈ ಊರಿನಲ್ಲಿದೆ. ಅದು ಸುದ್ದಿಯ ಕಥೆ. ಸುದ್ದಿಯನ್ನು ಯಾರು ಹೇಳಬೇಕು, ಯಾರ ಹಣದಿಂದ ಹೇಳಬೇಕು, ಹಣ ಕೊಟ್ಟವರು ಹೇಳುವವನ ಬಾಯಿಯನ್ನು ಮುಚ್ಚಬಹುದೇ ಎಂಬ ಪ್ರಶ್ನೆ ಇಲ್ಲಿ ಬಗೆಬಗೆಯ ವೇಷಗಳಲ್ಲಿ ಬಂದುಹೋಗಿದೆ.

ಶಾಫ್ಟಿನ ಬಾಯಲ್ಲಿ ಕಾದವರು

ಗಣಿಯೂರಿನಲ್ಲಿ ಸುದ್ದಿ ಎಂಬುದು ಬೆಳಗಿನ ಕಾಫಿಯ ಜೊತೆಗಿನ ಅಲಂಕಾರವಾಗಿರಲಿಲ್ಲ. ಅತ್ಯಂತ ಆಳದಲ್ಲಿ ಬಂಡೆಯ ಮೇಲಿನ ಒತ್ತಡ ಮಿತಿಮೀರಿದಾಗ ಅದು ಸಿಡಿಯುತ್ತಿತ್ತು. ಆ ಸಿಡಿತಕ್ಕೆ ಮೇಲಿನ ಲೈನುಮನೆಗಳ ಗೋಡೆಗಳು ಅದುರುತ್ತಿದ್ದುವು, ಅಟ್ಟದ ಪಾತ್ರೆಗಳು ಉರುಳುತ್ತಿದ್ದುವು. ಒಲೆಯ ಮುಂದಿದ್ದ ಹೆಂಗಸು ಸೌಟನ್ನು ಅಲ್ಲಿಯೇ ಬಿಟ್ಟು ಶಾಫ್ಟಿನ ಕಡೆಗೆ ಓಡುತ್ತಿದ್ದಳು. ಕೇಜು ಮೇಲಕ್ಕೆ ಬಂದು ಅದರೊಳಗಿನ ಮುಖಗಳು ಕಾಣುವ ತನಕ ಅವಳಿಗೆ ತಿಳಿಯಬೇಕಾದ ಸುದ್ದಿ ಒಂದೇ. ಆ ಸುದ್ದಿಯ ಕೀಲಿಕೈ ಕಂಪನಿಯ ಕಚೇರಿಯಲ್ಲಿತ್ತು. ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ಕೂಲಿ ಕಂಪನಿಯದು. ಅಪಘಾತದ ಕಾರಣವನ್ನು ಮೊದಲು ಬರೆಯುವ ಲೇಖನಿಯೂ ಕಂಪನಿಯದೇ.

1930ರಲ್ಲಿ ಕಾರ್ಮಿಕರೆಲ್ಲರೂ ಹೆಬ್ಬೆರಳ ಗುರುತನ್ನು ಕೊಟ್ಟು ಹೆಸರು ದಾಖಲಿಸಬೇಕೆಂಬ ನಿಯಮ ಬಂದಿತು. ಕಳ್ಳರಂತೆ ತಮ್ಮನ್ನು ಕಾಣುವುದು ಸಲ್ಲದೆಂದು ಅವರು ಕೇಜಿಗೆ ಬೆನ್ನುಹಾಕಿದರು. ಮುಷ್ಕರ ಸುಮಾರು ಮೂರು ವಾರ ನಡೆಯಿತು. 1946ರ ನವೆಂಬರಿನಲ್ಲಿ ಇನ್ನೊಂದು ಹೋರಾಟದ ವೇಳೆ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಇಂಥ ದಿನಗಳಲ್ಲಿ ಲೈನುಮನೆಗಳ ಜನ ನಂಬಿದ್ದು ಬಾಯಿಂದ ಬಾಯಿಗೆ ಬಂದ ಮಾತನ್ನು, ಕೈಯಿಂದ ಕೈಗೆ ಸಾಗಿದ ಕರಪತ್ರವನ್ನು.

ಕೂಲಿಯ ಕಾಸಿನಿಂದ ನಡೆದ ಪತ್ರಿಕೆ

ಚಾಂಪಿಯನ್ ರೀಫ್ಸಿನ ಓಣಿಗಳಲ್ಲಿ ನಡೆಯುವ ಪ್ರವಾಸಿಗನಿಗೆ ಇಲ್ಲಿ ಒಂದು ಪತ್ರಿಕೆ ಬಾಳಿತ್ತೆಂಬುದರ ಕುರುಹು ಸುಲಭವಾಗಿ ಸಿಗದು. ಮದರಾಸಿನಲ್ಲಿ 1907ರಲ್ಲಿ ಅಯೋತಿದಾಸ ಪಂಡಿತರು ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಮುಂದೆ ಅದು ‘ತಮಿಳನ್’ ಎಂದಷ್ಟೇ ಹೆಸರಾಯಿತು. ಜಾತಿಯ ಹೆಸರಿನಲ್ಲಿ ತುಳಿಯಲ್ಪಟ್ಟವರಿಗೆ ಬೌದ್ಧಧರ್ಮದ ದಾರಿಯನ್ನು ತೋರಿದ ಆ ಪತ್ರಿಕೆಗೆ ಚಿನ್ನದ ಗಣಿಯ ತಮಿಳು ಕಾರ್ಮಿಕರಲ್ಲಿ ದೊಡ್ಡ ಆಸರೆ ದೊರೆಯಿತು. ಪಂಡಿತರು 1914ರಲ್ಲಿ ತೀರಿಕೊಂಡರು. 1926ರಲ್ಲಿ ಆ ಪತ್ರಿಕೆ ಮರುಜನ್ಮ ತಾಳಿದ್ದು ಮದರಾಸಿನಲ್ಲಲ್ಲ, ಈ ಗಣಿಯೂರಿನಲ್ಲಿ, ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ. ನೆಲದ ಕೆಳಗೆ ಬೆವರಿಳಿಸಿದವರ ಚಂದಾಹಣ, ಅವರದೇ ಬೌದ್ಧ ಸಂಘದ ಬೆಂಬಲ. ಕಂಪನಿಯ ಕೃಪೆಯನ್ನಾಗಲಿ ಸರ್ಕಾರದ ಅನುದಾನವನ್ನಾಗಲಿ ಅದು ನೆಚ್ಚಿ ನಿಂತಿರಲಿಲ್ಲ.

ಸ್ವತಂತ್ರ ಪತ್ರಿಕೆ ಎಂದರೆ ಇದೇ ತಾನೆ ಎಂದು ವಾಚಕರು ಕೇಳಬಹುದು. ಹೌದು. ಆದರೆ ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ಕೆಲವು ವರ್ಷಗಳ ತರುವಾಯ ಅದು ನಿಂತುಹೋಯಿತು. ಬಡವರ ಕಾಸಿನಿಂದ ಬೆಳಗಿದ ದೀಪಕ್ಕೆ ಎಣ್ಣೆಯ ಚಿಂತೆ ತಪ್ಪಿದ್ದಲ್ಲ. ಓದುಗನ ಹಣ ಸ್ವಾತಂತ್ರ್ಯವನ್ನು ಕೊಡುತ್ತದೆ, ಆಯುಷ್ಯವನ್ನು ಕೊಡಲಾರದು. ಆಯುಷ್ಯ ಬೇಕಾದರೆ ದೊಡ್ಡ ಬೊಕ್ಕಸ ಬೇಕು. ದೊಡ್ಡ ಬೊಕ್ಕಸ ಎರಡೇ ಕಡೆ ಇರುತ್ತದೆ: ಧನಿಕರ ಮನೆಯಲ್ಲಿ, ಇಲ್ಲವೆ ಸರ್ಕಾರದಲ್ಲಿ. ಸಾರ್ವಜನಿಕ ಹಣದಿಂದ ನಡೆಯುವ ಸುದ್ದಿಸಂಸ್ಥೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಗಣಿಯ ಒಡೆಯನೇ ರೇಡಿಯೋದ ಒಡೆಯ

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ಕೈಸೇರಿದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಸಂಸ್ಥೆ ರೂಪುಗೊಂಡಿತು. ಇದೇ ಕಾಲದಲ್ಲಿ ಲೈನುಮನೆಗಳೊಳಕ್ಕೆ ರೇಡಿಯೋ ಪ್ರವೇಶಿಸಿತು. 1955ರ ನವೆಂಬರಿನಲ್ಲಿ ಆಕಾಶವಾಣಿಯ ಬೆಂಗಳೂರು ಕೇಂದ್ರ ಆರಂಭವಾಗಿತ್ತು. ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ವರ್ಷ ವರ್ಷವೂ ಲೈಸೆನ್ಸು ಶುಲ್ಕ ಕಟ್ಟಬೇಕಾಗಿದ್ದ ದಿನಗಳು ಅವು. 1980ರ ದಶಕದಲ್ಲಿ ಆ ಶುಲ್ಕ ರದ್ದಾಯಿತು.

ಹೀಗೆ ಒಂದು ವಿಚಿತ್ರ ಸನ್ನಿವೇಶ ಒದಗಿತು. 1962ರ ಬಳಿಕ ಚಿನ್ನದ ಗಣಿಯ ಕಾರ್ಮಿಕನಿಗೆ ಕೂಲಿ ಕೊಡುತ್ತಿದ್ದ ಒಡೆಯನೂ, ಸಂಜೆ ಅವನಿಗೆ ದೇಶದ ವಾರ್ತೆಯನ್ನು ಓದಿ ಹೇಳುತ್ತಿದ್ದ ಒಡೆಯನೂ ಒಬ್ಬನೇ ಆದ. ಗಣಿಯಲ್ಲಿ ತಪ್ಪು ನಡೆದರೆ ಅದನ್ನು ಹೇಳಬೇಕಾದವನು, ಆ ತಪ್ಪಿಗೆ ಉತ್ತರ ಕೊಡಬೇಕಾದವನ ಮನೆಯಲ್ಲಿಯೇ ಸಂಬಳದವನಾಗಿದ್ದ.

ಆಕಾಶವಾಣಿ ಎಂಬ ಹೆಸರು ಕನ್ನಡ ನಾಡಿಗೆ ಪ್ರಿಯವಾದುದು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣ ಪ್ರಸಾರ ಯಂತ್ರವೊಂದನ್ನು ಇಟ್ಟು ನಡೆಸಿದ ನಿಲಯಕ್ಕೆ ಇದ್ದ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂದಿತು. ಒಬ್ಬ ಅಧ್ಯಾಪಕರ ಹವ್ಯಾಸ ಮೊದಲು ಸಂಸ್ಥಾನದ, ಆಮೇಲೆ ಕೇಂದ್ರದ ಆಡಳಿತಕ್ಕೆ ಸೇರಿತು. ಸಂಗೀತ, ನಾಟಕ, ಕೃಷಿರಂಗ, ಮಕ್ಕಳ ಕಾರ್ಯಕ್ರಮಗಳಲ್ಲಿ ಆಕಾಶವಾಣಿ ಮಾಡಿದ ಸೇವೆಯನ್ನು ಅಲ್ಲಗಳೆಯುವವರಿಲ್ಲ. ಲಾಭದ ಲೆಕ್ಕ ನೋಡುವ ಯಾವ ವ್ಯಾಪಾರಿಯೂ ರೈತನಿಗಾಗಿ ಪ್ರತಿ ಸಂಜೆ ಅರ್ಧ ಗಂಟೆ ಮೀಸಲಿಡುತ್ತಿರಲಿಲ್ಲ. ಸಾರ್ವಜನಿಕ ಹಣದ ಪುಣ್ಯ ಇದು.

ಆದರೆ ವಾರ್ತೆಯ ಹೊತ್ತಿಗೆ ಬೇರೆಯ ಕಥೆ. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂದಾಗ ಖಾಸಗಿ ಪತ್ರಿಕೆಗಳನ್ನು ಹಿಡಿತಕ್ಕೆ ತರಲು ಸೆನ್ಸಾರಿನ ಅಧಿಕಾರಿಗಳು ಬೇಕಾದರು, ಕೆಲವೆಡೆ ಮುದ್ರಣಾಲಯದ ವಿದ್ಯುತ್ತನ್ನೂ ಕಡಿಯಬೇಕಾಯಿತು. ಆಕಾಶವಾಣಿಗೆ ಅದಾವುದೂ ಬೇಕಾಗಲಿಲ್ಲ. ಅದು ಮೊದಲೇ ಸರ್ಕಾರದ ಇಲಾಖೆಯಾಗಿತ್ತು. 1984ರ ಅಕ್ಟೋಬರ್ 31ರ ಬೆಳಗ್ಗೆ ಪ್ರಧಾನಿ ಇಂದಿರಾ ಗಾಂಧಿಯವರ ಮೇಲೆ ಗುಂಡು ಹಾರಿತು. ಅವರು ತೀರಿಕೊಂಡ ಸುದ್ದಿಯನ್ನು ಹಗಲಿನಲ್ಲಿಯೇ ಬಿ.ಬಿ.ಸಿ. ಲೋಕಕ್ಕೆ ತಿಳಿಸಿತು. ನಮ್ಮ ರೇಡಿಯೋ ಸಂಜೆಯವರೆಗೆ ಕಾದಿತು. ತಮ್ಮ ದೇಶದ ದುಃಖವನ್ನು ಜನ ಪರದೇಶದ ರೇಡಿಯೋದಿಂದ ಕೇಳಿ ತಿಳಿದುಕೊಂಡರು. ವಿಪರ್ಯಾಸವೆಂದರೆ ಆ ಪರದೇಶದ ರೇಡಿಯೋ ಕೂಡ ಸಾರ್ವಜನಿಕ ಹಣದಿಂದ ನಡೆಯುವುದೇ. ಹಾಗಿದ್ದರೆ ದೋಷವಿರುವುದು ಹಣದಲ್ಲಿ ಅಲ್ಲವೆಂದಾಯಿತು.

ಮುಳಬಾಗಿಲಿನ ಪತ್ರಕರ್ತ

ಬಂಗಾರಪೇಟೆಯಿಂದ ಹೆಚ್ಚು ದೂರವಿಲ್ಲದ ಮುಳಬಾಗಿಲು ಡಿ.ವಿ. ಗುಂಡಪ್ಪನವರ ಹುಟ್ಟೂರು. ಯೌವನದಲ್ಲಿ ಅವರು ಸ್ವಲ್ಪಕಾಲ ಈ ಚಿನ್ನದ ಗಣಿಯಲ್ಲಿಯೇ ಸೋಡಾ ಕಾರ್ಖಾನೆಯೊಂದರಲ್ಲಿ ದುಡಿದಿದ್ದರೆಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡೀತು. ಕವಿಯೆಂದೂ ತತ್ತ್ವಚಿಂತಕರೆಂದೂ ನಾಡು ಪೂಜಿಸುವ ಅವರು ಮೊದಲು ಪತ್ರಕರ್ತರು. ‘ವೃತ್ತಪತ್ರಿಕೆ’ ಎಂಬ ಅವರ ಪುಸ್ತಕ ಆ ವೃತ್ತಿಯನ್ನು ಕುರಿತು ಕನ್ನಡದಲ್ಲಿ ಬಂದ ಮೊದಮೊದಲ ಗ್ರಂಥಗಳಲ್ಲಿ ಒಂದು. ಸರ್ಕಾರದ ಕೆಲಸಕ್ಕಾಗಿ ತಮಗೆ ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಕೊಳ್ಳದೆ ಪೆಟ್ಟಿಗೆಯಲ್ಲಿ ಇಟ್ಟಿದ್ದರೆಂಬ ಕಥೆ ಕನ್ನಡಿಗರಲ್ಲಿ ಪ್ರಸಿದ್ಧವಾಗಿದೆ. ದಿವಾನರೊಡನೆ ಸ್ನೇಹವಿರಲಿ, ಸಂಸ್ಥಾನದ ಸಮಿತಿಗಳಲ್ಲಿ ಸ್ಥಾನವಿರಲಿ, ಆದರೆ ಲೇಖನಿಯ ಮೇಲೆ ಋಣವಿರಬಾರದು ಎಂಬುದು ಆ ಕಥೆಯ ತಾತ್ಪರ್ಯ.

ವ್ಯಕ್ತಿಯ ಮಟ್ಟಿಗೆ ಇದು ಉಜ್ಜ್ವಲವಾದ ಆದರ್ಶ. ಆದರೆ ಸಂಸ್ಥೆಯೊಂದು ನೂರಾರು ನೌಕರರನ್ನು ಸಾಕಬೇಕು, ಯಂತ್ರಗಳನ್ನು ನಡೆಸಬೇಕು. ಅದು ಚೆಕ್ಕನ್ನು ಪೆಟ್ಟಿಗೆಯಲ್ಲಿಟ್ಟು ಕೂರುವಂತಿಲ್ಲ. ಎಲ್ಲ ಸಂಪಾದಕರೂ ಗುಂಡಪ್ಪನವರಾಗುವುದೂ ಸಾಧ್ಯವಿಲ್ಲ. ಒಬ್ಬ ಮನುಷ್ಯನು ತನ್ನ ಗುಣದಿಂದ ಸಾಧಿಸಿದುದನ್ನು ಸಂಸ್ಥೆಯು ಕಾನೂನಿನಿಂದ ಸಾಧಿಸಬೇಕು. ಖಾಸಗಿ ಪತ್ರಿಕೆಗಳಿಗೂ ಈ ಚಿಂತೆ ತಪ್ಪಿದ್ದಲ್ಲ. ಸರ್ಕಾರದ ಜಾಹೀರಾತಿನ ವರಮಾನವನ್ನು ನೆಚ್ಚಿದ ಸಣ್ಣ ಪತ್ರಿಕೆಗೆ ಆ ಜಾಹೀರಾತು ಒಂದು ತಿಂಗಳು ಬಾರದಿದ್ದರೆ ಸಂಪಾದಕೀಯದ ಸ್ವರ ತಗ್ಗುವುದು ಸಹಜ. ಯಾವ ನಿಯಮಕ್ಕೂ ಒಳಪಡದೆ ಹಿಂಬಾಗಿಲಿನಿಂದ ಬರುವ ಸಾರ್ವಜನಿಕ ಹಣ, ಮುಂಬಾಗಿಲಿನಿಂದ ಬರುವ ಹಣಕ್ಕಿಂತ ಹೆಚ್ಚು ಅಪಾಯಕಾರಿ.

ಇನ್ನೊಂದು ಗಣಿಯ ಪಾಠ

‘ತಮಿಳನ್’ ಇಲ್ಲಿ ಮರುಹುಟ್ಟು ಪಡೆದ 1926ರಲ್ಲಿಯೇ ಇಂಗ್ಲೆಂಡಿನಲ್ಲಿ ಕಲ್ಲಿದ್ದಲ ಗಣಿಯ ಕಾರ್ಮಿಕರಿಗಾಗಿ ದೇಶವ್ಯಾಪಿ ಮುಷ್ಕರ ನಡೆಯಿತು. ಮುದ್ರಣದ ಕೆಲಸಗಾರರೂ ಕೈಕಟ್ಟಿ ಕುಳಿತದ್ದರಿಂದ ಪತ್ರಿಕೆಗಳು ಬಹುಮಟ್ಟಿಗೆ ನಿಂತುಹೋದುವು. ಉಳಿದದ್ದು ರೇಡಿಯೋ. ಬಿ.ಬಿ.ಸಿ.ಯನ್ನು ಸರ್ಕಾರ ನೇರವಾಗಿ ವಶಪಡಿಸಿಕೊಳ್ಳಬೇಕೆಂದು ಚರ್ಚಿಲ್ ವಾದಿಸಿದ. ಅದರ ಮುಖ್ಯಸ್ಥ ಜಾನ್ ರೀತ್ ಅದನ್ನು ತಪ್ಪಿಸಿಕೊಂಡ. ಆದರೆ ತೆತ್ತ ಬೆಲೆ ಕಡಿಮೆಯದಲ್ಲ. ಸಂಧಾನಕ್ಕಾಗಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರು ಸಿದ್ಧಪಡಿಸಿದ ವಿನಂತಿ ಕೆಲವು ದಿನ ಪ್ರಸಾರವಾಗಲಿಲ್ಲ. ವಿರೋಧಪಕ್ಷದ ನಾಯಕ ಮ್ಯಾಕ್‌ಡೊನಾಲ್ಡರಿಗೆ ಮೈಕು ದೊರೆಯಲಿಲ್ಲ. ಮಾರನೆಯ ವರ್ಷ ಬಿ.ಬಿ.ಸಿ. ರಾಜಸನ್ನದಿನ ಸಂಸ್ಥೆಯಾಯಿತು. ಅದು ಗಳಿಸಿದ ಇಂದಿನ ಕೀರ್ತಿ ಸನ್ನದಿನ ಕಾಗದದಿಂದ ಒಂದೇ ದಿನದಲ್ಲಿ ಬಂದುದಲ್ಲ. ಸರ್ಕಾರದೊಡನೆ ಮತ್ತೆ ಮತ್ತೆ ಜಗಳವಾಡಿ, ಕೆಲವೊಮ್ಮೆ ಸೋತು, ಕೆಲವೊಮ್ಮೆ ಗೆದ್ದು ಸಂಪಾದಿಸಿದುದು.

ನಮ್ಮಲ್ಲಿ ಆ ಹಾದಿ ಇನ್ನೂ ನಿಧಾನವಾದುದು. ತುರ್ತುಪರಿಸ್ಥಿತಿಯ ಕಹಿ ಅನುಭವದ ತರುವಾಯ ವರ್ಗೀಸ್ ಸಮಿತಿ ಸ್ವಾಯತ್ತ ಸಂಸ್ಥೆಯೊಂದನ್ನು ಸೂಚಿಸಿತು. 1990ರಲ್ಲಿ ಪ್ರಸಾರ ಭಾರತಿಯ ಕಾಯಿದೆ ಅಂಗೀಕಾರವಾಯಿತು. 1995ರಲ್ಲಿ ಸುಪ್ರೀಂ ಕೋರ್ಟು ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪಿತ್ತಿತು. ಕಾಯಿದೆ ಜಾರಿಗೆ ಬಂದದ್ದು 1997ರಲ್ಲಿ. ಸಂಸ್ಥೆಯ ಮುಖ್ಯಸ್ಥರನ್ನು ಆರಿಸಲು ಮೂವರ ಸಮಿತಿಯೊಂದನ್ನು ಕಾಯಿದೆ ಹೇಳುತ್ತದೆ. ರಾಜ್ಯಸಭೆಯ ಸಭಾಪತಿಗಳು, ಪ್ರೆಸ್ ಕೌನ್ಸಿಲಿನ ಅಧ್ಯಕ್ಷರು, ರಾಷ್ಟ್ರಪತಿಗಳ ಪ್ರತಿನಿಧಿ, ಇವರು ಅದರ ಸದಸ್ಯರು. ದೇಶದ ಭದ್ರತೆ ಮೊದಲಾದ ಕಾರಣಗಳಿಗಾಗಿ ಸರ್ಕಾರ ನಿರ್ದೇಶನ ಕೊಡಬಹುದು. ಆದರೆ ಆ ನಿರ್ದೇಶನವನ್ನು ಸಂಸತ್ತಿನ ಮುಂದಿಡಬೇಕು. ನಿರ್ದೇಶನದಂತೆ ಪ್ರಸಾರ ಮಾಡಿದೆವೆಂದು ಕೇಳುಗರಿಗೆ ಹೇಳುವ ಹಕ್ಕೂ ಸಂಸ್ಥೆಗಿದೆ. ಸ್ವಾತಂತ್ರ್ಯದ ತಿರುಳು ಈ ಸಣ್ಣ ಅಂಶದಲ್ಲಿದೆ. ಒಡೆಯ ಆಜ್ಞೆ ಮಾಡಿದ ಎಂಬುದನ್ನು ಬಹಿರಂಗವಾಗಿ ಹೇಳಬಲ್ಲ ಸೇವಕ ಅರ್ಧ ಸ್ವತಂತ್ರ.

ಉಳಿದರ್ಧಕ್ಕೆ ಅಡ್ಡಿಯಾಗಿರುವುದು ಹಣದ ದಾರಿ. ಪ್ರಸಾರ ಭಾರತಿಗೆ ವರ್ಷ ವರ್ಷವೂ ಅನುದಾನ ಬರುವುದು ಸಚಿವಾಲಯದ ಮೂಲಕ. ಅನುದಾನವನ್ನು ಸಂಸತ್ತು ಮಂಜೂರು ಮಾಡಿದರೂ, ಕೇಳಿ ಪಡೆಯಬೇಕಾದುದು ಮಂತ್ರಿಯ ಬಾಗಿಲಿನಲ್ಲಿ. ಯಾರ ಕಾರ್ಯವನ್ನು ಪ್ರಶ್ನಿಸಬೇಕೋ ಅವರ ಬಾಗಿಲಿನಲ್ಲಿ ನಿಲ್ಲಬೇಕಾದವನ ದನಿ ಎಷ್ಟು ಎತ್ತರ ಏರೀತು?

ಬೂದಿಕೋಟೆಯ ಧ್ವನಿ

ಬಂಗಾರಪೇಟೆಯಿಂದ ದಕ್ಷಿಣದ ಕಡೆಗೆ ಬಸ್ಸು ಹಿಡಿದರೆ ಬೂದಿಕೋಟೆ ಸಿಗುತ್ತದೆ. ಹೈದರಾಲಿಯ ಜನ್ಮಸ್ಥಳವೆಂದು ಚರಿತ್ರೆಯಲ್ಲಿ ಹೆಸರಾದ ಊರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ ಸಾವಿರಾರು ಸಂಸಾರಗಳು ಕತ್ತಲಲ್ಲಿ ನಿಂತವು. ಅದೇ ವರ್ಷ ಅದೇ ತಾಲ್ಲೂಕಿನ ಈ ಹಳ್ಳಿಯಲ್ಲಿ ‘ನಮ್ಮ ಧ್ವನಿ’ ಹುಟ್ಟಿಕೊಂಡಿತು. ಮೈರಾಡಾ, ವಾಯ್ಸಸ್ ಎಂಬ ಸಂಸ್ಥೆಗಳು ಯುನೆಸ್ಕೋದ ನೆರವಿನಿಂದ ಕಟ್ಟಿದ ಗ್ರಾಮಸ್ಥರ ಧ್ವನಿಕೇಂದ್ರ ಇದು. ಯುನೆಸ್ಕೋದ ಹಣವೆಂದರೆ ಹಲವು ದೇಶಗಳ ಸರ್ಕಾರಗಳು ಸೇರಿಸಿ ಕೊಟ್ಟ ಹಣ, ಅಂದರೆ ಅದೂ ಸಾರ್ವಜನಿಕರದೇ. ಆಗಿನ್ನೂ ಹಳ್ಳಿಗರಿಗೆ ರೇಡಿಯೋ ಪರವಾನಗಿ ಸಿಗುತ್ತಿರಲಿಲ್ಲ. ಆದ್ದರಿಂದ ಟೆಲಿವಿಷನ್ನಿನ ಕೇಬಲ್ ತಂತಿಯ ಮೂಲಕವೇ ಮಾತು ಮನೆಮನೆಗೆ ಹರಿಯಿತು. ಮಹಿಳಾ ಸಂಘಗಳ ಸದಸ್ಯೆಯರು ಬೀಜ, ಬಡ್ಡಿ, ಆರೋಗ್ಯ, ಶಾಲೆ ಇವುಗಳ ಕುರಿತು ತಮ್ಮದೇ ಕನ್ನಡದಲ್ಲಿ ಮಾತನಾಡಿದರು. ಕುಡಿಯುವ ನೀರಿನ ತೊಂದರೆಯನ್ನು ಹೆಂಗಸರು ಮೈಕಿನ ಮುಂದೆ ತೋಡಿಕೊಂಡ ಮೇಲೆ ಕೊಳವೆ ದುರಸ್ತಿಯಾಯಿತೆಂದು ಆ ಕಾಲದ ವರದಿಗಳು ಹೇಳುತ್ತವೆ.

ಹಣ ಸಾರ್ವಜನಿಕರದಾದರೂ ಅದನ್ನು ಕೊಟ್ಟವರಾರೂ ಬೂದಿಕೋಟೆಯ ನೀರಿನ ಕೊಳವೆಗೆ ಉತ್ತರ ಹೇಳಬೇಕಾದವರಲ್ಲ. ಇಲ್ಲಿನ ಧ್ವನಿ ಬಿಡುಬೀಸಾಗಿ ಹೊರಟುದರ ಗುಟ್ಟು ಅದೇ. ಆದರೆ ಕಥೆಗೆ ಇನ್ನೊಂದು ತಿರುವಿದೆ. 2006ರಲ್ಲಿ ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೋದ ಬಾಗಿಲನ್ನು ತೆರೆಯಿತು. ತೆರೆಯುವಾಗಲೇ ಸುದ್ದಿ ಮತ್ತು ರಾಜಕೀಯ ವಿದ್ಯಮಾನಗಳ ಪ್ರಸಾರವನ್ನು ನಿಷೇಧಿಸಿತು. ಮುಂದೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರವೂ ಬದಲಿಸದೆ ಮರುಪ್ರಸಾರ ಮಾಡಲು ಅನುಮತಿ ದೊರೆಯಿತು. ತನ್ನ ಊರಿನ ಪಂಚಾಯಿತಿಯ ಸುದ್ದಿಯನ್ನು ಹೇಳಲಾಗದು, ದೆಹಲಿಯ ಸುದ್ದಿಯನ್ನು ಒಪ್ಪಿಸಬಹುದು! ಸ್ವಂತ ಹಣವಿದ್ದರೂ ಪರವಾನಗಿಯ ಹಗ್ಗ ಇನ್ನೊಬ್ಬರ ಕೈಯಲ್ಲಿದ್ದರೆ ಸ್ವಾತಂತ್ರ್ಯವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸಂಜೆಯ ಗಾಡಿ

ಸಂಜೆ ಬಂಗಾರಪೇಟೆಯಲ್ಲಿ ಮಾರಿಕುಪ್ಪದ ಗಾಡಿ ಕಾಯುವ ಜನರಲ್ಲಿ ಹಳೆಯ ಗಣಿಕೆಲಸದವರು ಈಗಲೂ ಕಾಣಸಿಗುತ್ತಾರೆ. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಅವರ ಮಾತನ್ನು ಕೇಳುವುದೇ ಒಂದು ಸೊಗಸು. ಬೆಂಚಿನ ಮೇಲೆ ಅಂಥ ಹಿರಿಯರೊಬ್ಬರು. ಪಕ್ಕದಲ್ಲಿ ಕಾಲೇಜಿನ ಹುಡುಗ, ಕೈಯಲ್ಲಿ ಮೊಬೈಲು.

“ತಾತಾ, ಗಣಿ ಮುಚ್ಚುವ ಸುದ್ದಿ ನಿಮಗೆ ರೇಡಿಯೋದಲ್ಲಿ ಗೊತ್ತಾಯಿತಾ, ಪೇಪರಿನಲ್ಲಾ?”

“ಎರಡರಲ್ಲೂ ಅಲ್ಲಪ್ಪಾ. ಮುರಿದ ಸಾಮಾನಿಗೆ ಹೊಸದು ಬರುವುದು ನಿಂತಾಗಲೇ ಗೊತ್ತಾಯಿತು. ನಮಗೆ ಗೊತ್ತಿದ್ದದ್ದನ್ನು ಅವರು ಕಡೆಯಲ್ಲಿ ಹೇಳಿದರು. ಯಾಕೆ ಅಂತ ಮಾತ್ರ ಯಾರೂ ಬಂದು ಕೇಳಲಿಲ್ಲ.”

ಸಾರ್ವಜನಿಕ ಹಣದ ಸುದ್ದಿಸಂಸ್ಥೆ ಸ್ವತಂತ್ರವಾಗಬಲ್ಲುದೇ ಎಂಬ ಪ್ರಶ್ನೆಗೆ ಈ ಊರುಗಳು ಕೊಡುವ ಉತ್ತರ ನೇರವಾದುದು: ಆಗಬಲ್ಲುದು, ಆದರೆ ತಾನಾಗಿಯೇ ಆಗದು. ಹಣ ಮಂತ್ರಿಯ ಕೃಪೆಯಿಂದಲ್ಲದೆ ಕಾನೂನಿನ ಹಕ್ಕಿನಿಂದ, ಹಲವು ವರ್ಷಗಳಿಗೆ ಒಟ್ಟಾಗಿ ದೊರೆಯಬೇಕು. ನೇಮಕ ಮಾಡುವ ಕೈ ಒಂದೇ ಆಗಿರಬಾರದು. ಒಡೆಯನ ಆಜ್ಞೆ ಗುಟ್ಟಾಗಿರಬಾರದು. ಪಕ್ಕದಲ್ಲಿ ‘ತಮಿಳನ್’ನಂಥ, ‘ನಮ್ಮ ಧ್ವನಿ’ಯಂಥ ಸಣ್ಣ ದನಿಗಳಿಗೂ ಸುದ್ದಿ ಹೇಳುವ ಹಕ್ಕಿರಬೇಕು. ಒಬ್ಬನು ಮರೆಮಾಚಿದುದನ್ನು ಇನ್ನೊಬ್ಬನು ಹೇಳಬಲ್ಲನೆಂಬ ಭಯವೇ ದೊಡ್ಡ ಸಂಸ್ಥೆಯನ್ನು ಪ್ರಾಮಾಣಿಕವಾಗಿಡುವುದು. ಇದಾವುದೂ ಇಲ್ಲದಿದ್ದಲ್ಲಿ ಅದು ಜನರ ಹಣದಿಂದ ನಡೆಯುವ ಸರ್ಕಾರದ ತುತ್ತೂರಿಯಷ್ಟೆ.

ಗಾಡಿ ಬರುತ್ತದೆ. ಹುಡುಗ ಹಿರಿಯರ ಕೈಚೀಲವನ್ನು ಎತ್ತಿಕೊಂಡು ಮೊದಲು ಅವರನ್ನು ಹತ್ತಿಸುತ್ತಾನೆ. ಊರಿಗಾಂ ದಾಟುವ ಹೊತ್ತಿಗೆ ಕತ್ತಲಾಗಿರುತ್ತದೆ. ದಿಬ್ಬಗಳ ಮೇಲೆ, ತಿರುಗುವುದನ್ನು ನಿಲ್ಲಿಸಿದ ಶಾಫ್ಟಿನ ಚಕ್ರವೊಂದರ ಆಕಾರ ಮಾತ್ರ ಕಾಣುತ್ತದೆ. ಹಿರಿಯರು ಅದರತ್ತ ನೋಡುತ್ತಾ ಹುಡುಗನಿಗೆ ಏನನ್ನೋ ಹೇಳುತ್ತಿರುತ್ತಾರೆ, ಅವನು ಮೊಬೈಲನ್ನು ಜೇಬಿಗಿಟ್ಟು ಕೇಳುತ್ತಿರುತ್ತಾನೆ.